ಬಿಟ್ಟುಕೊಟ್ಟ ಸೀಟು

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ದೊರೆಸ್ವಾಮಿ ಕೂರುವುದಿಲ್ಲ. ಬಸ್ಸು ಭಣಗುಡುತ್ತಿದ್ದರೂ ಸರಿ, ಹಿಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಹೋಗುತ್ತಾನೆ. ಆ ದಾರಿಯ ಕಂಡಕ್ಟರುಗಳಿಗೆಲ್ಲ ಇದು ಗೊತ್ತು. ಹೊಸಬ ಯಾರಾದರೂ ಬಂದು, "ಕೂತ್ಕೊಳ್ಳಿ ಯಜಮಾನ್ರೆ, ಸೀಟಲ್ಲೇನು ಮುಳ್ಳದಾ?" ಎಂದು ರೇಗಿಸಿದರೆ ದೊರೆಸ್ವಾಮಿ ನಕ್ಕು, "ಇರ್ಲಿ ಬುಡಿ ಸಾ, ಇಂಗೇ ಉಸಾರು" ಎನ್ನುತ್ತಾನೆ. ಅಷ್ಟರಲ್ಲಿ ಹಳಬರು ಯಾರಾದರೂ ಆ ಕಂಡಕ್ಟರನ ಕಡೆ ಕಣ್ಸನ್ನೆ ಮಾಡಿರುತ್ತಾರೆ.

ಇಂಥ ಮನುಷ್ಯ ಒಂದು ಸಲ ಅಮೆರಿಕದಿಂದ ಮುಂಬೈವರೆಗೆ ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿ ಮಲಗಿಕೊಂಡು ಬಂದ ಎಂದರೆ ನಂಬುವವರು ಯಾರು? ನಂಬಿಸುವ ಉಮೇದು ಅವನಿಗೂ ಇಲ್ಲ. ಆದರೆ ಅವನ ಅಕ್ಕನ ಊರು ಬೇಗೂರಿನವರಿಗೆ ಅದು ಚೆನ್ನಾಗಿ ಗೊತ್ತು. ಅವರು ಅದನ್ನು ಅವನ ಮುಂದೆ ಎತ್ತುವುದಿಲ್ಲ.

ಅವನ ಕಥೆ ಹೇಳಬೇಕಾದರೆ ಅವನ ಅಕ್ಕ ಮಲ್ಲಿಗಮ್ಮನಿಂದಲೇ ಶುರು ಮಾಡಬೇಕು. ಸಂತೆಮರಹಳ್ಳಿಯ ಪಕ್ಕದ ಒಂದು ಚಿಕ್ಕ ಊರು ಅವರದು. ದೊರೆಸ್ವಾಮಿಗೆ ಇನ್ನೂ ಮಾತು ತೊದಲುವಾಗಲೇ ಅಪ್ಪ ಹೋದ, ಅವನ ಹಿಂದೆಯೇ ಅವ್ವನೂ ಹೋದಳು. ಉಳಿದವರು ಈ ಕೂಸು ಮತ್ತು ಆಗಷ್ಟೇ ದೊಡ್ಡವಳಾಗಿದ್ದ ಅಕ್ಕ. ನೆಂಟರು ಬಂದರು, ಅತ್ತರು, ಉಂಡರು, ಹೋದರು. ಮಲ್ಲಿಗಮ್ಮ ಹಿತ್ತಲಲ್ಲಿ ಸೊಪ್ಪು ಹಾಕಿ ಸಂತೆಮರಹಳ್ಳಿಯ ಸಂತೆಗೆ ಹೊತ್ತು ಮಾರಿದಳು. ಒಂದು ಕಂಕುಳಲ್ಲಿ ಸೊಪ್ಪಿನ ಗಂಟು, ಇನ್ನೊಂದು ಕಂಕುಳಲ್ಲಿ ತಮ್ಮ.

ಬಸ್ಸು ಸಿಕ್ಕಿದ ದಿನ ಅಕ್ಕತಮ್ಮನಿಗೆ ಹಬ್ಬ. ದೊರೆಸ್ವಾಮಿ ಕಿಟಕಿ ಪಕ್ಕ ಕೂತು ಮೂಗನ್ನು ಸರಳಿಗೆ ಒತ್ತಿ ಹಿಡಿಯುತ್ತಿದ್ದ. ಆದರೆ ಯಾರಾದರೂ ಮುದುಕರೋ ಬಸುರಿಯೋ ಹತ್ತಿದರೆ ಸಾಕು, ಅಕ್ಕನ ಮೊಣಕೈ ಪಕ್ಕೆಗೆ ತಿವಿಯುತ್ತಿತ್ತು. "ಏಳ್ಲಾ ದೊರೆ, ಜಾಗ ಬುಡು. ನಾವೇನು ಸೀಟ ಮನೆಗೆ ಒತ್ಕೊಂಡೋದೀವಾ?" ಅವನು ಮುಖ ಊದಿಸಿಕೊಂಡು ಏಳುತ್ತಿದ್ದ. ಕೆಲವು ವರ್ಷ ಕಳೆಯುವಷ್ಟರಲ್ಲಿ ಮೊಣಕೈ ಬೇಕಾಗಲಿಲ್ಲ. ಯಾರಾದರೂ ಹತ್ತಿದರೆ ಅವನ ಕಾಲು ತಾನಾಗಿ ಎದ್ದು ನಿಲ್ಲುತ್ತಿತ್ತು.

ಮಲ್ಲಿಗಮ್ಮನಿಗೆ ಗಂಡುಗಳು ಬಂದವು. ಎಲ್ಲರಿಗೂ ಅವಳದು ಒಂದೇ ಮಾತು: ನಾನು ಬಂದರೆ ತಮ್ಮನೂ ಬರುತ್ತಾನೆ. ಬಂದವರು ಕಾಫಿ ಕುಡಿದು ಎದ್ದು ಹೋದರು. ಬೇಗೂರಿನ ಪುಟ್ಟಮಾದಯ್ಯ ಮಾತ್ರ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಬರ್ಲಿ ಬುಡಿ, ಒಂದು ತಟ್ಟೆ ಜಾಸ್ತಿ ತೊಳುದ್ರಾಯ್ತು" ಎಂದ. ಹೀಗೆ ಮಲ್ಲಿಗಮ್ಮ ಗಂಡನ ಮನೆ ಹೊಸಲು ತುಳಿದಾಗ ತಮ್ಮ ಅವಳ ಸೆರಗು ಹಿಡಿದಿದ್ದ. ಮಡಿಲಕ್ಕಿ ಜೊತೆ ತವರುಮನೆಯನ್ನೇ ಕಟ್ಟಿಕೊಂಡು ಬಂದಿದ್ದಾಳೆ ಎಂದು ಬೇಗೂರಿನ ಹೆಂಗಸರು ನಕ್ಕರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳಿಗೆ ತವರು ಅಂತ ಇದ್ದದ್ದು ಆ ಹುಡುಗನೊಬ್ಬನೇ.

ಹುಡುಗ ಬೆಳೆದ. ಓದು ಹತ್ತಲಿಲ್ಲ, ಕಲ್ಲು ಹತ್ತಿತು. ಚಾಮರಾಜನಗರದ ಕಡೆಯ ಕರಿಕಲ್ಲು ದೇಶಾಂತರ ಹೋಗುವುದು ಎಲ್ಲರಿಗೂ ಗೊತ್ತಿರುವುದೇ. ಊರಾಚೆಯ ಒಂದು ಫ್ಯಾಕ್ಟರಿಯಲ್ಲಿ ದೊರೆಸ್ವಾಮಿ ಪಾಲಿಶ್ ಕೆಲಸಕ್ಕೆ ಸೇರಿ ಅಲ್ಲೇ ಉಳಿದ. ನೀರು ಸುರಿಯುತ್ತಾ ಉಜ್ಜುವುದು, ಮತ್ತೆ ಉಜ್ಜುವುದು, ಕಲ್ಲಿನಲ್ಲಿ ಉಜ್ಜುವವನ ಮುಖ ಕಾಣುವವರೆಗೆ ಉಜ್ಜುವುದು. ಮೊದಲ ಸಂಬಳ ಬಂದ ದಿನ ದೊಡ್ಡಂಗಡಿ ಬೀದಿಗೆ ಹೋಗಿ ಅಕ್ಕನಿಗೆ ಒಂದು ಸೀರೆ ತಂದ. ಎಳೆಬಾಳೆ ಎಲೆಯ ಹಸಿರು, ಕೆಂಪು ಅಂಚು. ಅಂಗಡಿಯವನಿಂದ ಇಡೀ ಕಪಾಟು ಕೆಳಗಿಳಿಸಿ ಆರಿಸಿದ್ದ ಸೀರೆ.

ಮಲ್ಲಿಗಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು, ಅಕ್ಕಪಕ್ಕದ ಮನೆಗಳಿಗೆಲ್ಲ ತೋರಿಸಿ ಬಂದಳು, ಆಮೇಲೆ ಟ್ರಂಕಿನ ತಳದಲ್ಲಿಟ್ಟಳು. ಉಡಲಿಲ್ಲ. ಆಮೇಲೆ ಪ್ರತಿ ಗೌರಿ ಹಬ್ಬಕ್ಕೂ ಅವನು ಸೀರೆ ತಂದ. ಅವನ್ನೆಲ್ಲ ಹೊಲಕ್ಕೂ ಉಟ್ಟಳು, ಸಂತೆಗೂ ಉಟ್ಟಳು, ಹರಿದ ಮೇಲೆ ಮಗಳು ಭಾನುವಿನ ತೊಟ್ಟಿಲಿಗೂ ಕಟ್ಟಿದಳು. ಹಸಿರು ಸೀರೆ ಮಾತ್ರ ಟ್ರಂಕಿನಿಂದ ಮೇಲೆ ಬರಲಿಲ್ಲ.

"ಒಂದ್ಸತಿ ಆ ಅಸ್ರು ಸೀರೆ ಉಟ್ಕೊಂಡ್ ತೋರ್ಸಕ್ಕ" ಎಂದು ಅವನು ಹಬ್ಬಹಬ್ಬಕ್ಕೂ ಗೋಗರೆಯುತ್ತಿದ್ದ.

"ಮಡಗಿವ್ನಿ ಬುಡ್ಲಾ. ಉಡಾಗ ಉಡ್ತೀನಿ."

"ಯಾವಾಗಕ್ಕ ಅದು?"

"ಉಂಡ್ಕೊಂಡ್ ಎದ್ದೋಗು, ಬಸ್ಸು ತಪ್ಪೋದದು" ಎಂದು ಅವಳು ಮಾತು ತಿರುಗಿಸುತ್ತಿದ್ದಳು.

ದೊರೆಸ್ವಾಮಿಗೆ ಮದುವೆಯಾಗಲಿಲ್ಲ. ಅದಕ್ಕೂ ಅವನ ಕಾಲೇ ಕಾರಣ. ಅಕ್ಕ ಹುಡುಕಿ ಹುಡುಕಿ ಒಂದು ಹೆಣ್ಣು ಗೊತ್ತು ಮಾಡಿದ್ದಳು. ನೋಡಲು ಹೋಗುವಾಗ ಜೊತೆಗಿರಲಿ ಎಂದು ಗೆಳೆಯ ಮಾದಪ್ಪನನ್ನು ಕರೆದುಕೊಂಡು ಹೋದ. ವಯಸ್ಸಿನಲ್ಲಿ ದೊಡ್ಡವನಾದ ಮಾದಪ್ಪ ವಾಪಸ್ ಬರುವಾಗ ಬಸ್ಸಿನಲ್ಲಿ, ನನಗೆ ಯಾರೂ ಹೆಣ್ಣು ಕೊಡುವುದಿಲ್ಲ ಕಣ್ಲಾ ಎಂದು ಕಣ್ಣೊರೆಸಿಕೊಂಡ. ದೊರೆಸ್ವಾಮಿ ಮಾರನೆಯ ದಿನವೇ ಹೆಣ್ಣಿನ ಮನೆಗೆ ಹೋಗಿ, "ಅವನಿಗೇ ಕೊಡಿ, ನನಗೇನು ಅವಸರ" ಎಂದು ಹೇಳಿ ಬಂದ. ಆ ಮದುವೆ ಆಯಿತು, ಇವನು ಬಡಿಸಲು ನಿಂತ. ಮಲ್ಲಿಗಮ್ಮ ತಮ್ಮನ ಜೊತೆ ಒಂದು ತಿಂಗಳು ಮಾತು ಬಿಟ್ಟಳು. "ಬಸ್ಸಲ್ಲಿ ಜಾಗ ಬುಡು ಅಂದ್ರೆ ಹಸೆಮಣೆನೂ ಬುಟ್ಕೊಟ್ಟು ಬಂದನಲ್ಲ ಇವನು!" ಎಂದು ಗಂಡನ ಮುಂದೆ ಗೋಳಾಡಿದಳು. ಕಲಿಸಿದ್ದು ತಾನೇ ಎಂದು ಒಳಗೊಳಗೆ ಅವಳಿಗೂ ಗೊತ್ತಿತ್ತು.

ಎರಡು ಸಾವಿರದ ಎಂಟರಲ್ಲಿ ಫ್ಯಾಕ್ಟರಿಯ ಮಾಲೀಕ ರಘುನಾಥ ಅವನನ್ನು ಅಮೆರಿಕಕ್ಕೆ ಕರೆದುಕೊಂಡು ಹೊರಟ. ಅಲ್ಲಿಯ ನಮ್ಮ ಜನ ಒಂದು ದೇವಸ್ಥಾನ ಕಟ್ಟುತ್ತಿದ್ದರು. ಪೀಠದ ಕರಿಕಲ್ಲು ಇಲ್ಲಿಂದ ಹಡಗಿನಲ್ಲಿ ಹೋಗಿತ್ತು. ಜೋಡಿಸಿದ ಮೇಲೆ ಕೊನೆಯ ಪಾಲಿಶ್ ಅಲ್ಲೇ ಆಗಬೇಕಿತ್ತು. ಹೊರಡುವ ದಿನ ಮಲ್ಲಿಗಮ್ಮ ಹುರುಳಿ ಚಟ್ನಿಪುಡಿ ಕಟ್ಟಿಕೊಂಡು ಚಾಮರಾಜನಗರಕ್ಕೇ ಬಂದಳು. ಕಾರಿನ ಕಿಟಕಿಗೆ ಕೈ ಹಾಕಿ ತಮ್ಮನ ಕೆನ್ನೆ ಸವರಿ, "ಅಲ್ಲಾದ್ರೂ ನಿನ್ನ ಜಾಗ್ದಲ್ಲಿ ನೀನು ಕೂತ್ಕೊ ಕಣಪ್ಪ" ಎಂದಳು. ಗೌರಿ ಹಬ್ಬದ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಅವನು ಮಾತು ಕೊಟ್ಟ. ಅವರಿಬ್ಬರು ಎದುರೆದುರು ಆಡಿದ ಕೊನೆಯ ಮಾತು ಅದೇ.

ಹಬ್ಬಕ್ಕೆ ಇನ್ನೂ ದಿನ ಇತ್ತು. ಹೊಲದಲ್ಲಿ ಚೆಂಡುಹೂ ಬಿಟ್ಟಿತ್ತು. ಆಳುಗಳ ಜೊತೆ ಹೂ ಕೊಯ್ಯುತ್ತಿದ್ದ ಮಲ್ಲಿಗಮ್ಮ ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತಳು, ನೀರು ಕೇಳಿದಳು. ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಪುಟ್ಟಮಾದಯ್ಯ ಅಮೆರಿಕಕ್ಕೆ ಫೋನು ಮಾಡಿಸಿ, ಬಾಮೈದನನ್ನು ಕರೆಯದೆ ರಘುನಾಥನನ್ನು ಕರೆದ. "ಸಾ, ಅವಳು ಓಗ್ಬುಟ್ಲು. ಅವನಿಗೆ ಮಾತ್ರ ಯೋಳ್ಬೇಡಿ. ಅಷ್ಟು ದೂರ ಒಬ್ನೇ ಬರ್ಬೇಕು. ಗೊತ್ತಾದ್ರೆ ದಾರೀಲೇ ಏನಾರ ಆಗ್ಬುಟ್ಟದು. ಅಕ್ಕಂಗೆ ವಸಿ ಉಸಾರಿಲ್ಲ ಅಂತ ಯೋಳಿ ಕಳ್ಸ್ಕೊಡಿ ಸಾ."

ನಮ್ಮ ಕಡೆ ಸಾವಿನ ಸುದ್ದಿ ದೂರದವರಿಗೆ ಮುಟ್ಟುವುದೇ ಹೀಗೆ. ಸತ್ತವರು ಸತ್ತಿರುವುದಿಲ್ಲ, ಅವರಿಗೆ ವಸಿ ಹುಷಾರಿರುವುದಿಲ್ಲ. ಮನೆ ಮುಂದಿನ ಚಪ್ಪರ ಕಂಡ ಮೇಲೆಯೇ ಸಾಯುತ್ತಾರೆ. ದೊರೆಸ್ವಾಮಿಯೇ ಒಮ್ಮೆ ಮಾದಪ್ಪನ ಅಪ್ಪ ತೀರಿಕೊಂಡಾಗ ಅವನನ್ನು ಸತ್ಯಮಂಗಲದ ಕಡೆಯ ಕಲ್ಲುಕ್ವಾರಿಯಿಂದ ಕರೆತಂದಿದ್ದ. ಘಾಟಿ ಇಳಿದು ಹೋಗಿ, ಘಾಟಿ ಹತ್ತಿ ಬರುವವರೆಗೆ, "ಏನಿಲ್ಲ ಕಣ್ಲಾ, ವಸಿ ಜ್ವರ" ಎಂದು ಸುಳ್ಳು ಹೇಳುತ್ತಲೇ ಬಂದಿದ್ದ. ಹಾಗಿದ್ದ ಮೇಲೆ ಅವನಿಗೆ ತಿಳಿಯಬೇಕಿತ್ತಲ್ಲ ಎಂದು ನೀವು ಕೇಳಬಹುದು. ಬೇರೆಯವರ ವಿಷಯದಲ್ಲಿ ತಿಳಿಯುತ್ತದೆ. ತನ್ನ ಅಕ್ಕನ ವಿಷಯಕ್ಕೆ ಬಂದರೆ ಮನಸ್ಸು ಕೊಟ್ಟಷ್ಟನ್ನೇ ಹಿಡಿದುಕೊಳ್ಳುತ್ತದೆ.

ಆದರೂ ಒಂದು ಸಲ ಬೇಗೂರಿಗೆ ಫೋನು ಮಾಡಿದ. ಎತ್ತಿದವಳು ಭಾನು. ಅವಳಾಗಲೇ ಒಂದು ಮಗುವಿನ ತಾಯಿ, ಗುಂಡ್ಲುಪೇಟೆಯಲ್ಲಿ ಗಂಡನ ಮನೆ.

"ಅಕ್ಕಂಗೆ ಏನಾಗದಮ್ಮಿ?"

"ವಸಿ ಉಸಾರಿಲ್ಲ ಕಣ್ ಮಾವ. ನೀನು ಬಾ."

"ಅದೇನಮ್ಮಿ ಅತ್ತಂಗೆ ಕೇಳ್ತದಲ್ಲ ಅಲ್ಲಿ?"

"ಟೀವಿ ಮಾವ" ಎಂದಳು ಭಾನು.

ಬೇಗೂರಿನಲ್ಲಿ ಮೈಸೂರಿನಿಂದ ಐಸ್ ಪೆಟ್ಟಿಗೆ ತರಿಸಿ ಮಲ್ಲಿಗಮ್ಮನನ್ನು ಮಲಗಿಸಿದ್ದರು. ಮಣ್ಣು ಮಾಡುವ ಹಾಗಿರಲಿಲ್ಲ, ತಮ್ಮ ಬರಬೇಕಿತ್ತು. ಮುತ್ತೈದೆ ಸತ್ತರೆ ಕೊನೆಯಲ್ಲಿ ಮೈಮೇಲೆ ಬೀಳಬೇಕಾದದ್ದು ತವರಿನ ಸೀರೆ. ಅಣ್ಣನೋ ತಮ್ಮನೋ ತರಬೇಕು. ಅದು ಬರುವವರೆಗೆ ಹೆಣ ಎತ್ತುವುದಿಲ್ಲ. ಗಂಡ ಎಷ್ಟು ಚಿನ್ನ ಹೇರಿದ್ದರೂ, ಮಕ್ಕಳು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದರೂ, ತವರಿನ ಸೀರೆಯಿಲ್ಲದೆ ಹೋದವಳನ್ನು ನಮ್ಮ ಹೆಂಗಸರು ಅನಾಥೆ ಎಂದೇ ಆಡಿಕೊಳ್ಳುತ್ತಾರೆ. ದಿಕ್ಕಿಲ್ಲದ ಕೂಸನ್ನು ಕಂಕುಳಲ್ಲಿ ಹೊತ್ತು ಸಾಕಿದವಳು ಅನಾಥೆಯ ಹಾಗೆ ಹೋಗಬಾರದು ಎಂದು ಪುಟ್ಟಮಾದಯ್ಯ ಹಟ ಹಿಡಿದು ಕೂತ. ದೊರೆಸ್ವಾಮಿ ವಿಮಾನ ಹತ್ತಿ, ಇಳಿದು, ಕಾರಿನಲ್ಲಿ ಬರುವ ಹೊತ್ತನ್ನು ಎಲ್ಲರೂ ಎಣಿಸುತ್ತಿದ್ದರು. ಸೀರೆಯನ್ನು ದಾರಿಯಲ್ಲಿ ನಂಜನಗೂಡಿನಲ್ಲಿ ಅವನ ಕೈಯಿಂದಲೇ ಕೊಳ್ಳಿಸುವುದೆಂದು ಮಾದಪ್ಪನಿಗೆ ಹೇಳಿಯೂ ಆಗಿತ್ತು.

ಇತ್ತ ದೊರೆಸ್ವಾಮಿ ಅಮೆರಿಕದ ವಿಮಾನ ನಿಲ್ದಾಣದಲ್ಲಿ, ಅಕ್ಕನಿಗೆಂದು ಕೊಂಡ ಸ್ವೆಟರಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮುಂಬೈಗೆ ಒಂದೇ ಓಟದ ವಿಮಾನ. ರಘುನಾಥ ಟಿಕೆಟ್ ಮಾಡಿಸಿ, ಬಾಗಿಲವರೆಗೆ ಬಿಟ್ಟು, ಕಣ್ಣು ತಪ್ಪಿಸಿ ಬೀಳ್ಕೊಟ್ಟಿದ್ದ. ವಿಮಾನದಲ್ಲಿ ಇರುವ ಸೀಟಿಗಿಂತ ಬಂದ ಜನ ಜಾಸ್ತಿಯಾಗಿದ್ದರು. ಯಾರಾದರೂ ನಾಳೆ ಹೋಗಲು ಒಪ್ಪುತ್ತೀರಾ ಎಂದು ಮೈಕಿನಲ್ಲಿ ಕೇಳುತ್ತಿದ್ದರು. ಒಬ್ಬರೂ ಅಲುಗಾಡಲಿಲ್ಲ.

ಕೌಂಟರಿನ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ನರೆಗೂದಲನ್ನು ಬಿಗಿಯಾಗಿ ಬಾಚಿ ಗಂಟು ಹಾಕಿದ್ದಳು, ಸೀರೆಯ ಮೇಲೆ ಗಂಡಸರ ಕೋಟು, ಕಾಲಲ್ಲಿ ಹವಾಯಿ ಚಪ್ಪಲಿ. ಸೀಟಿಲ್ಲ ಎಂದದ್ದಕ್ಕೆ ಸೆರಗು ಬಾಯಿಗೆ ಹಿಡಿದುಕೊಂಡು ಅಳುತ್ತಿದ್ದಳು. ಪಕ್ಕದಲ್ಲಿ ಕೂತಿದ್ದವರು ಕನ್ನಡದಲ್ಲಿ ಮಾತಾಡಿಕೊಂಡಿದ್ದು ದೊರೆಸ್ವಾಮಿಯ ಕಿವಿಗೆ ಬಿತ್ತು. ಮುಂಬೈಯಲ್ಲಿ ಅವಳ ಮಗಳಿಗೆ ಹೆರಿಗೆ ನೋವು ಶುರುವಾಗಿತ್ತಂತೆ.

ದೊರೆಸ್ವಾಮಿಯ ಕಾಲು ಎದ್ದು ನಿಂತಿತು.

ಕೌಂಟರಿನಲ್ಲಿದ್ದ ಹುಡುಗಿ ತಮಿಳಿನವಳು. ಕ್ವಾರಿಯ ಜನರ ಜೊತೆ ಆಡಿ ಆಡಿ ದೊರೆಸ್ವಾಮಿಗೂ ತಮಿಳು ಬರುತ್ತಿತ್ತು. ನನ್ನ ಜಾಗ ಆ ಅಮ್ಮನಿಗೆ ಕೊಡಿ ಎಂದ. ಹುಡುಗಿ ಅವನ ಮುಖ ನೋಡಿದಳು. "ನಿಮಗೆ ಅರ್ಜೆಂಟು ಏನೂ ಇಲ್ಲವಾ? ಸರಿಯಾಗಿ ಯೋಚನೆ ಮಾಡಿ ಹೇಳಿ" ಎಂದು ಎರಡು ಸಲ ಕೇಳಿದಳು. ಅಷ್ಟು ಮಟ್ಟಿಗೆ ಒಳ್ಳೆಯ ಹುಡುಗಿ.

ದೊರೆಸ್ವಾಮಿ ಯೋಚನೆ ಮಾಡಿದ. ಅಕ್ಕನಿಗೆ ಹುಷಾರಿಲ್ಲ, ನಿಜ. ಆದರೆ ವಸಿ ಹುಷಾರಿಲ್ಲ ಅಷ್ಟೆ. ಭಾವ ಇದ್ದಾನೆ, ಭಾನು ಬಂದಿದ್ದಾಳೆ. ಒಂದು ದಿನ ತಡವಾದರೆ ಏನಾದೀತು? ಈ ತಾಯಿಯನ್ನು ಇಲ್ಲೇ ಬಿಟ್ಟು ತಾನು ಹೋಗಿ ಕೂತೆ ಎಂದು ಗೊತ್ತಾದರೆ ಅಕ್ಕ ಮುಖಕ್ಕೆ ಉಗಿಯುತ್ತಾಳೆ. "ಅರ್ಜೆಂಟಿಲ್ಲಮ್ಮ. ನಾಳೆ ಬೇಕಾದರೆ ನಿಂತುಕೊಂಡೇ ಹೋಗುತ್ತೇನೆ" ಎಂದ.

ಆ ಹುಡುಗಿ ನಕ್ಕುಬಿಟ್ಟಳು. ಕಂಪ್ಯೂಟರಿನಲ್ಲಿ ಏನೇನೋ ಒತ್ತಿದಳು, ಯಾರಿಗೋ ಫೋನು ಮಾಡಿದಳು. ನಿಂತುಕೊಂಡು ಹೋಗುವುದು ಬೇಡ, ನಾಳೆ ನಿಮ್ಮನ್ನು ಮುಂದುಗಡೆ ಬಿಸಿನೆಸ್ ಕ್ಲಾಸಿನಲ್ಲಿ ಮಲಗಿಸಿಕೊಂಡು ಹೋಗುತ್ತಾರೆ ಎಂದಳು. ಹವಾಯಿ ಚಪ್ಪಲಿಯ ತಾಯಿ ಅವನ ಎರಡೂ ಕೈ ಹಿಡಿದು ಅವನಿಗೆ ತಿಳಿಯದ ಭಾಷೆಯಲ್ಲಿ ಹರಸಿ, ಓಡುತ್ತಾ ಹೋದಳು. ವಿಮಾನದ ಬಾಗಿಲು ಮುಚ್ಚಿತು.

ಆಮೇಲೆ ಅವನು ಹುಡುಗಿಯ ಕೈಲಿ ನಂಬರು ಒತ್ತಿಸಿಕೊಂಡು ಬೇಗೂರಿಗೆ ಫೋನು ಮಾಡಿದ.

"ಅಮ್ಮೀ, ನಾನು ಬರದು ಇನ್ನೊಂದಿನ ತಡ ಆಯ್ತದೆ ಕಣವ್ವ. ಒಬ್ಬಳು ಪಾಪದೋಳಿಗೆ ಸೀಟು ಬುಟ್ಕೊಟ್ಟೆ. ಅದಕ್ಕೆ ನಾಳೆ ಸಾಹುಕಾರ್ರು ಕೂರೋ ಜಾಗ್ದಲ್ಲಿ ನನ್ನ ಕೂರಿಸ್ಕೊಂಡು ಬತ್ತರಂತೆ! ಮಂಚದಂಗೆ ಮನಿಕೊಬೌದಂತೆ! ನಿಮ್ಮವ್ವಂಗೆ ಯೋಳು, ನಗ್ತಳೆ. ಎಚ್ಚರಾಗವಳಾ? ಕೊಡ್ತೀಯಾ ವಸಿ?"

ಭಾನುವಿನ ಎದುರಿಗೇ ಐಸ್ ಪೆಟ್ಟಿಗೆ ಇತ್ತು. ಅವಳು ಫೋನನ್ನು ಎದೆಗೆ ಒತ್ತಿಕೊಂಡು, ಸೀಟು ಬಿಟ್ಟುಕೊಟ್ಟನಂತೆ ಎಂದು ಅಪ್ಪನಿಗೆ ಪಿಸುಗುಟ್ಟಿದಳು. ಪುಟ್ಟಮಾದಯ್ಯ, ವಿಮಾನ ಹೋಯಿತಾ ಎಂದು ಕೈಸನ್ನೆಯಲ್ಲೇ ಕೇಳಿದ. ಅವಳು ಹೋಯಿತೆಂದು ತಲೆಯಾಡಿಸಿದಳು. ಇನ್ನು ಹೇಳಿ ಮಾಡುವುದೇನು? ಅಷ್ಟು ದೂರದ ಊರಲ್ಲಿ, ಗುರುತಿನವರಿಲ್ಲದ ಕಡೆ, ಒಂದು ಹಗಲು ಒಂದು ರಾತ್ರಿ ಒಬ್ಬನೇ ಹೇಗೆ ಇರುತ್ತಾನೆ?

"ಮನ್ಗವಳೆ ಮಾವ" ಎಂದಳು ಭಾನು. "ಉಸಾರಾಗಿ ಬಾ."

ಮಾರನೆಯ ದಿನ ದೊರೆಸ್ವಾಮಿ ವಿಮಾನ ಹತ್ತಿದ. ಬಾಗಿಲಲ್ಲಿ ಎಲ್ಲರೂ ಬಲಕ್ಕೆ ಹೋಗುತ್ತಿದ್ದರೆ ಇವನನ್ನು ಎಡಕ್ಕೆ ತಿರುಗಿಸಿದರು. ಕುರ್ಚಿಯ ಅಗಲ ನೋಡಿ, ಇಲ್ಲಿ ಇಬ್ಬರು ಕೂರಬೇಕೇನೋ ಎಂದು ಅಂಚಿಗೆ ಸರಿದು ಕೂತ. ಪಕ್ಕಕ್ಕೆ ಯಾರೂ ಬರಲಿಲ್ಲ. ಗಗನಸಖಿ ಬಿಸಿ ಬಿಸಿ ಟವಲು ಕೊಟ್ಟು, ಅವನ ಹೆಸರಿನ ಮುಂದೆ ಮಿಸ್ಟರ್ ಸೇರಿಸಿ ಕರೆದಳು. ಅವನು ಗೌರವಕ್ಕೆ ಎದ್ದು ನಿಂತ. ಅವಳು ನಕ್ಕು ಕೂರಿಸಿದಳು.

ಊಟ ಬಂತು. ಬಟ್ಟೆ ಹಾಸಿ, ಪಿಂಗಾಣಿ ತಟ್ಟೆಯಲ್ಲಿ, ಒಂದಾದ ಮೇಲೊಂದು. ಅವನು ಎಲ್ಲವನ್ನೂ ತಿಂದ. ಸಿಹಿ ಇನ್ನೊಂದು ಬೇಕಾ ಎಂದು ಸನ್ನೆಯಲ್ಲಿ ಕೇಳಿದಾಗ ನಾಚಿಕೊಂಡು ಹೂಂ ಎಂದ. ಒಂದು ಪುಟ್ಟ ಚೀಲ ಕೊಟ್ಟರು. ಅದರಲ್ಲಿ ಕಾಲುಚೀಲ, ಹಣಿಗೆ, ಕೈಕಾಲಿಗೆ ಹಚ್ಚುವ ಮುಲಾಮು ಇತ್ತು. ಅಕ್ಕನ ಹಿಮ್ಮಡಿ ಬೇಸಿಗೆಯ ಗದ್ದೆಯ ಹಾಗೆ ಬಿರಿದಿರುತ್ತಿತ್ತು. ಮುಲಾಮಿನ ಬಿರಟೆಯನ್ನೂ ತೆಗೆಯದೆ ಅದನ್ನು ಹಾಗೇ ಎತ್ತಿಟ್ಟ. ಗುಂಡಿ ಒತ್ತಿದರೆ ಕುರ್ಚಿ ಹಾಸಿಗೆಯಾಯಿತು. ಬಿಳಿ ಹೊದಿಕೆ ಎದೆಯವರೆಗೆ ಎಳೆದುಕೊಂಡು, ಇದನ್ನೆಲ್ಲ ಅಕ್ಕನಿಗೆ ಯಾವ ಕ್ರಮದಲ್ಲಿ ಹೇಳಬೇಕು ಎಂದು ಜೋಡಿಸಿಕೊಳ್ಳತೊಡಗಿದ. ಟವಲಿನಿಂದ ಶುರು ಮಾಡಬೇಕು. ಎದ್ದು ನಿಂತಿದ್ದನ್ನು ಹೇಳಿದರೆ ಬಿದ್ದು ಬಿದ್ದು ನಗುತ್ತಾಳೆ. ನನ್ನ ಜಾಗದಲ್ಲಿ ನಾನು ಕೂತೆ ಕಣಕ್ಕ ಎಂದು ಕೊನೆಗೆ ಹೇಳಬೇಕು. ಹಾಗೆಯೇ ನಿದ್ದೆ ಬಂತು. ಹುಟ್ಟಿದಾಗಿನಿಂದ ಅಷ್ಟು ಒಳ್ಳೆಯ ನಿದ್ದೆ ಅವನು ಮಾಡಿರಲಿಲ್ಲ.

ಅವನು ಹಾಗೆ ಮಲಗಿದ್ದಾಗ ಬೇಗೂರಿನಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಐಸ್ ಪೆಟ್ಟಿಗೆ ಇದ್ದೂ ಇಲ್ಲದ ಹಾಗಾಯಿತು. ಊರ ಹಿರಿಯ ಗುರುಮಲ್ಲಯ್ಯ ಪುಟ್ಟಮಾದಯ್ಯನ ಹೆಗಲ ಮೇಲೆ ಕೈಯಿಟ್ಟು, "ಸಾಕು ಕಣ್ಲಾ. ಇನ್ನು ಮಡಿಕೊಂಡ್ರೆ ಅವಳಿಗೇ ಅವಮಾನ" ಎಂದ. ಪುಟ್ಟಮಾದಯ್ಯ ರಸ್ತೆಯ ಕಡೆ ನೋಡಿದ, ಆಮೇಲೆ ತಲೆ ತಗ್ಗಿಸಿದ. ಮಲ್ಲಿಗಮ್ಮನನ್ನು ಎತ್ತಿದರು.

ಮುಂಬೈಯಲ್ಲಿ ವಿಮಾನ ಬದಲಿಸಿ ಅವನು ಬಂದಿಳಿದಾಗ, ಬೆಂಗಳೂರಿನ ಹೊಸ ವಿಮಾನ ನಿಲ್ದಾಣಕ್ಕೆ ಮಾದಪ್ಪ ಬಾಡಿಗೆ ಕಾರು ತಂದಿದ್ದ. ದೊರೆಸ್ವಾಮಿ ಕಾರು ಹತ್ತಿದ್ದೇ ಕಥೆ ತೆಗೆದ. ಮೈಸೂರು ದಾಟುವವರೆಗೂ ಬಾಯಿ ಮುಚ್ಚಲಿಲ್ಲ. ಟವಲು, ಹಾಸಿಗೆ, ಎರಡೆರಡು ಸಿಹಿ. ಡ್ರೈವರ್ ಪಕ್ಕ ಕೂತ ಮಾದಪ್ಪ ಹಿಂದೆ ತಿರುಗದೆ ಹೂಂಗುಟ್ಟುತ್ತಿದ್ದ. ಅಕ್ಕ ಹೇಗಿದ್ದಾಳೆ ಎಂದು ಕೇಳಿದಾಗಲೂ ಹೂಂ ಎಂದ. ಇನ್ನು ಅಂಗಡಿಯಲ್ಲಿ ಸೀರೆ ಕೊಳ್ಳಿಸುವ ಕೆಲಸವೂ ಅವನಿಗೆ ಉಳಿದಿರಲಿಲ್ಲ.

ನಂಜನಗೂಡು ಬಂತು. ರಸ್ತೆ ಬದಿಯಲ್ಲಿ ಬಾಳೆಗೊನೆ ನೇತುಹಾಕಿದ್ದ ಅಂಗಡಿ ಕಂಡು ದೊರೆಸ್ವಾಮಿ, "ನಿಲ್ಸಪ್ಪ ನಿಲ್ಸು. ಅಕ್ಕಂಗೆ ರಸಬಾಳೆ ತಕ್ಕತ್ತೀನಿ. ಉಸಾರಿಲ್ಲದಾಗ ಬಾಯಿಗೆ ಬೇರೇನೂ ಸೇರಕಿಲ್ಲ ಅವಳಿಗೆ" ಎಂದ. ಕಾರು ನಿಂತಿತು. ಅವನು ಇಳಿದು, ಒಂದೊಂದೇ ಚಿಪ್ಪನ್ನು ಮೂಸಿ ನೋಡಿ, ಚೆನ್ನಾಗಿ ಹಣ್ಣಾದದ್ದನ್ನು ಆರಿಸಿದ. ಮಾದಪ್ಪ ಹಿಂದಿನಿಂದ ಬಂದು ಅವನ ಕೈ ಹಿಡಿದುಕೊಂಡ.

"ಬ್ಯಾಡ ಬುಡ್ಲಾ ದೊರೆ."

"ಯಾಕ್ಲಾ?"

"ಬ್ಯಾಡ."

ದೊರೆಸ್ವಾಮಿ ಗೆಳೆಯನ ಮುಖ ನೋಡಿದ. ಅವನ ಅಪ್ಪ ಸತ್ತಾಗ ಘಾಟಿಯುದ್ದಕ್ಕೂ ತಾನು ಇದೇ ಮುಖ ಹೊತ್ತುಕೊಂಡು ಬಂದದ್ದು ಈಗ ನೆನಪಾಯಿತು. ಹಣ್ಣಿನ ಚಿಪ್ಪನ್ನು ಎಲ್ಲಿತ್ತೋ ಅಲ್ಲೇ ಇಟ್ಟ.

"ಮಣ್ಣಾಯ್ತಾ?" ಎಂದು ಕೇಳಿದ.

ಮಾದಪ್ಪ ಅಂಗಡಿ ಮುಂದೆಯೇ ಮುಖ ಮುಚ್ಚಿಕೊಂಡು ಅತ್ತ.

ಬೇಗೂರಿನ ಮನೆಯ ಮುಂದೆ ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಪುಟ್ಟಮಾದಯ್ಯ ಎದ್ದು ಬಂದು ಬಾಮೈದನನ್ನು ತಬ್ಬಿಕೊಂಡ. "ನಂದೇ ತಪ್ಪು ಕಣಪ್ಪ. ಯೋಳ್ಬುಡ್ಬೇಕಿತ್ತು. ಯೋಳಿದ್ರೆ ನೀನು ಬಂದ್ಬುಡ್ತಿದ್ದೆ" ಎಂದ. ದೊರೆಸ್ವಾಮಿ, "ನಾನು ಉಂಡೆ ಭಾವ. ಅವಳನ್ನ ಇಲ್ಲಿ ಮಡಿಕೊಂಡು ನೀವು ಉಪಾಸ ಕೂತಿದ್ರೆ ನಾನು ಅಲ್ಲಿ ಎರಡೆರಡು ಸಿಹಿ ತಿಂದೆ" ಎಂದ. ಅದನ್ನೇ ಮತ್ತೆ ಮತ್ತೆ ಹೇಳಿದ.

ಹೊಲದ ಮೂಲೆಯಲ್ಲಿ, ಕೊಯ್ಯದೆ ಬಿಟ್ಟ ಚೆಂಡುಹೂವಿನ ಪಕ್ಕ, ಹಸಿ ಮಣ್ಣಿನ ಗುಡ್ಡೆ ಇತ್ತು. ಅವನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಕೈಯಲ್ಲಿ ಆ ಪುಟ್ಟ ಚೀಲ ಇನ್ನೂ ಇತ್ತು. ಕಾಲಿನ ಕಡೆ ಯಾವುದು, ತಲೆಯ ಕಡೆ ಯಾವುದು ಎಂದು ಭಾನುವನ್ನು ಕೇಳಿ ತಿಳಿದುಕೊಂಡು, ಚೀಲವನ್ನು ಕಾಲಿನ ಕಡೆ ಇಟ್ಟ.

"ತವರಿನ ಸೀರೆ ಇಲ್ದೆ ಓದ್ಲಲ್ಲಮ್ಮಿ" ಎಂದ.

"ಇಲ್ಲ ಮಾವ" ಎಂದಳು ಭಾನು. "ಉಡಿಸೇ ಕಳಿಸ್ದೊ."

ಅವನು ತಲೆಯೆತ್ತಿ ನೋಡಿದ.

"ನೀನು ಅಮೆರಿಕಕ್ಕೆ ಓದ್ಯಲ್ಲ, ಅವತ್ತು ಚಾಮರಾಜನಗರದಿಂದ ಬಂದೋಳು ಟ್ರಂಕು ತೆಗ್ದು ತೋರ್ಸಿದ್ಲು ಮಾವ. 'ನನಗೇನಾರ ಆದ್ರೆ ನಿಮ್ಮ ಮಾವನ್ನ ಕಾಯಬ್ಯಾಡ್ರಿ. ಅವನು ದಾರೀಲಿ ಯಾರಿಗಾರ ಜಾಗ ಬುಟ್ಕೊಟ್ಟು ನಿಂತ್ಕಂಡಿರ್ತನೆ. ಅದಕ್ಕೇ ಅವನ ಮೊದಲ್ನೇ ಸೀರೆ ಮಡಗಿವ್ನಿ. ಇದ ಉಡಿಸಿ ಕಳಿಸ್ಬುಡಿ. ಬಂದ್ಮೇಲೆ ಅವನ್ನ ಯಾರೂ ಬೈಬ್ಯಾಡ್ರಿ' ಅಂದ್ಲು." ಭಾನು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಂಗಂದಿದ್ರೂ ಅಪ್ಪ ಕೇಳ್ನಿಲ್ಲ, ನಿನ್ನ ಕಾದ. ಕೊನೆಗೆ ಅದನ್ನೇ ಉಡಿಸ್ದೊ."

ದೊರೆಸ್ವಾಮಿ ಗುಡ್ಡೆಯ ಹಸಿ ಮಣ್ಣನ್ನು ಅಂಗೈಯಿಂದ ಸವರಿದ. ಹೆಣ್ಣು ಬಿಟ್ಟುಕೊಟ್ಟು ಬಂದಾಗ ಮಾತು ಬಿಟ್ಟಿದ್ದ ಅಕ್ಕ, ತನ್ನ ಸಾವಿಗೂ ಅವನು ತಡವಾಗಿ ಬರುತ್ತಾನೆಂದು ತಿಳಿದುಕೊಂಡು, ಮೊದಲೇ ಅವನನ್ನು ಕ್ಷಮಿಸಿ ಹೋಗಿದ್ದಳು. ಬೈದು ಹೋಗಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಅಸ್ರು ಸೀರೆಯಾ?" ಎಂದು ಕೇಳಿದ.

"ಊಂ ಮಾವ."

"ಕೆಂಪಂಚಿಂದು?"

"ಅದೇ."

"ಎಂಗ್ ಕಾಣ್ತಿದ್ಲಮ್ಮಿ?" ಎಂದ. "ಉಟ್ಕೊಂಡ್ ತೋರ್ಸು ತೋರ್ಸು ಅಂತ ಎಷ್ಟು ವರ್ಷದಿಂದ ಬಡ್ಕೊಂಡೆ ನಾನು. ಊರೋರೆಲ್ಲ ನೋಡುದ್ರಲ್ಲ, ಯೋಳಮ್ಮಿ, ಎಂಗ್ ಕಾಣ್ತಿದ್ಲು?"

ಭಾನು ಅವನ ತೋಳು ಹಿಡಿದುಕೊಂಡು ಪಕ್ಕದಲ್ಲೇ ಕೂತಳು.

ಮಾರನೆಯ ವರ್ಷದ ಗೌರಿ ಹಬ್ಬಕ್ಕೆ ದೊರೆಸ್ವಾಮಿ ಸೀರೆ ತಂದದ್ದು ಭಾನುವಿಗೆ. ಆ ವಿಮಾನದಿಂದ ಇಳಿದ ಮೇಲೆ ಅವನು ಬಸ್ಸಿನಲ್ಲಿ ಕೂರುವುದನ್ನೇ ಬಿಟ್ಟಿದ್ದ. ಗುಂಡ್ಲುಪೇಟೆಯವರೆಗೆ ಕಂಬಿ ಹಿಡಿದು ನಿಂತು, ಚೀಲವನ್ನು ಎದೆಗೆ ಅವಚಿಕೊಂಡು ಬಂದ. ಅವಳು ಕಣ್ಣಿಗೊತ್ತಿಕೊಂಡು ಬೀರುವಿನ ಕಡೆ ತಿರುಗಿದಳು.

"ಮಡಗ್ಬ್ಯಾಡ ಕಣಮ್ಮಿ" ಎಂದ ಅವನು. "ಈಗ್ಲೇ ಉಟ್ಕೊಂಡ್ ಬಾ."

ಅವಳು ಕೋಣೆಗೆ ಹೋಗಿ ಉಟ್ಟುಕೊಂಡು ಬರುವವರೆಗೆ ದೊರೆಸ್ವಾಮಿ ನಡುಮನೆಯಲ್ಲಿ ನಿಂತೇ ಇದ್ದ.